ಬೈಪಾಸೋತ್ತರ ಗೃಹವಾಸ ಮೀಮಾಂಸೆ

ಬೈಪಾಸೋತ್ತರ ಗೃಹವಾಸವೆಂದರೆ, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿ ಎದೆಮೂಳೆ ಕೂಡಿಕೊಳ್ಳುವ ತನಕ ಮನೆಯವರ ವಶದಲ್ಲಿರುವ ಅವಸ್ಥೆ. ಈ ಲಕ್ಷಣವಾಕ್ಯದಲ್ಲಿ ‘ವಶ’ ಎಂಬ ಪದವೇ ಪ್ರಧಾನ. ಎದೆ ರೋಗಿಯದೇ, ಅದರ ಮೇಲಿನ ಅಧಿಕಾರ ಮಾತ್ರ ಹೆಂಡತಿ, ಅತ್ತಿಗೆ, ಎದುರುಮನೆಯವರು ಎಂಬ ಕ್ರಮದಲ್ಲಿ ಹಂಚಿಹೋಗಿರುತ್ತದೆ.

ಈ ಶಾಸ್ತ್ರದ ಮೂಲಪುರುಷ ಅರ್ಜೆಂಟೀನಾದ ರೆನೆ ಫವಲೋರೊ. ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಬಳಸುದಾರಿ ಕಟ್ಟುವ ಕ್ರಮವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದವರು ಅವರು. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸವಾದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಅದು ಗಟ್ಟಿಯಾಗಲು 6ರಿಂದ 8 ವಾರ, ಪೂರ್ತಿ ಕೂಡಲು ಸುಮಾರು 12 ವಾರ. ಈ ಲೆಕ್ಕದಲ್ಲಿ ಬಂಧುಗಳ ಭೇಟಿಯನ್ನು ಸೇರಿಸಿಲ್ಲ.

ಉಪಕರಣಗಳಲ್ಲಿ ದಿಂಬು ಮೊದಲನೆಯದು. ಕೆಮ್ಮೋ ಸೀನೋ ಬಂದಾಗ ಅದನ್ನು ಎದೆಗವಚಿಕೊಂಡರೆ ಹೊಲಿಗೆಯ ಮೇಲೆ ಜಗ್ಗಾಟ ಕಡಿಮೆ. ದಿಂಬಿನ ಎರಡನೆಯ ಪ್ರಯೋಜನವನ್ನು ವೈದ್ಯರು ಹೇಳುವುದಿಲ್ಲ: ಅದನ್ನು ಅವಚಿ ಕಣ್ಣು ಮುಚ್ಚಿದರೆ ಕೂತವರು ಬೇಗ ಏಳುತ್ತಾರೆ. ಇನ್ನೊಂದು, ಮೂರು ಚೆಂಡಿನ ಉಸಿರಾಟದ ಯಂತ್ರ. ಇದನ್ನು ಊದಬಾರದು, ಉಸಿರು ಒಳಗೆಳೆಯಬೇಕು. ಶ್ವಾಸಕೋಶದ ಮೂಲೆಮೂಲೆಗೂ ಗಾಳಿ ಹೋಗಿ ಕಫ ಕಟ್ಟದಿರಲೆಂದು. ರೋಗಿ ಒಂದು ಚೆಂಡನ್ನು ಏಳಿಸಲು ಏದುಸಿರು ಬಿಡುತ್ತಿರುವಾಗ ಮೊಮ್ಮಗ ಮೂರನ್ನೂ ಒಮ್ಮೆಗೇ ಏರಿಸಿ ತೋರಿಸುತ್ತಾನೆ. ಯಂತ್ರ ಎಂಜಲಾಯಿತೇ ಎಂಬ ಪ್ರಶ್ನೆ ಏಳುವುದು ಇಲ್ಲಿಂದಲೇ.

ಭಾರದ ವಿಷಯದಲ್ಲಿ ವೈದ್ಯರ ಮಾತು ನೇರ: ಮೂಳೆ ಕೂಡುವ ತನಕ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ, ಬಾಗಿಲನ್ನು ಜೋರಾಗಿ ಎಳೆಯುವಂತಿಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ ಇರುವುದರಿಂದ ಅದನ್ನು ಹೊರುವ ಕರ್ತವ್ಯದಿಂದ ರೋಗಿ ಮುಕ್ತ. ಕೆಲವರು ಇದನ್ನು ಲೋಟಕ್ಕೂ ಅನ್ವಯಿಸಿಕೊಂಡಿದ್ದಾರೆ, ಅದು ಅತಿವ್ಯಾಪ್ತಿದೋಷ.

ಮತಭೇದವೆಲ್ಲ ಇರುವುದು ಪಥ್ಯಪ್ರಕರಣದಲ್ಲಿ. ವೈದ್ಯಪಕ್ಷವು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ನಿಷೇಧಿಸುತ್ತದೆ, ಬದನೆಕಾಯಿಯ ವಿಷಯದಲ್ಲಿ ಮೌನ. ಗೃಹಪಕ್ಷವು ಬದನೆಕಾಯಿಯನ್ನು ‘ನಂಜು’ ಎಂದು ಅಡುಗೆಮನೆಯಿಂದಲೇ ಗಡೀಪಾರು ಮಾಡುತ್ತದೆ, ಉಪ್ಪಿನಕಾಯಿಯ ವಿಷಯದಲ್ಲಿ ‘ಒಂದು ಹೋಳಿನಿಂದ ಏನಾಗುತ್ತೆ’ ಎನ್ನುತ್ತದೆ. ಎರಡೂ ಪಕ್ಷಗಳು ನಿಷೇಧಿಸಿದ್ದನ್ನು ಕೂಡಿ ನೋಡಿದರೆ ರೋಗಿಗೆ ಉಳಿಯುವುದು ಗಂಜಿ. ಅವು ಅನುಮತಿಸಿದ್ದನ್ನು ಕೂಡಿ ನೋಡುವವನು ರೋಗಿಯೊಬ್ಬನೇ. ಆ ಅಧ್ಯಯನ ಸಾಮಾನ್ಯವಾಗಿ ನಡುರಾತ್ರಿ, ದೀಪ ಹಾಕದೆ ನಡೆಯುತ್ತದೆ. ವಾಸ್ತವದಲ್ಲಿ ಗಾಯ ಮಾಯಲು ಬೇಕಾದ್ದು ಪ್ರೋಟೀನು: ಬೇಳೆ, ಮೊಸರು, ಮೊಟ್ಟೆ. ಬಂದವರು ತರುವುದು ಮೂಸಂಬಿ.

ಬರುವವರು ಎರಡು ಬಗೆ. ‘ಎಷ್ಟು ಬ್ಲಾಕು?’ ಎನ್ನುವವರು, ‘ಎಷ್ಟು ಖರ್ಚು?’ ಎನ್ನುವವರು. ಮೂರು ಬ್ಲಾಕು ಎಂದವನ ಎದುರು ಐದು ಬ್ಲಾಕಿನ ಭಾವಮೈದುನನ ಕಥೆ ಬರುವುದು ಖಚಿತ. ರೋಗಿಯ ನೋವು ಎದೆಗಿಂತ ಕಾಲಿನಲ್ಲೇ ಹೆಚ್ಚಿರಬಹುದು, ನಾಳ ತೆಗೆದದ್ದು ಅಲ್ಲಿಂದ ತಾನೆ. ಆದರೆ ಕಾಲನ್ನು ವಿಚಾರಿಸುವವರಿಲ್ಲ.

ಹಾಸ್ಯಕ್ಕೆ ಒಳಪಡದ ಸಂಗತಿಗಳೂ ಇವೆ. ಜ್ವರ, ಗಾಯದಿಂದ ಕೀವು, ಎದೆಮೂಳೆಯಲ್ಲಿ ‘ಟಕ್’ ಎಂಬ ಸದ್ದು, ಹೆಚ್ಚುವ ಉಸಿರಾಟದ ತೊಂದರೆ, ಎರಡೇ ದಿನದಲ್ಲಿ ಏರಿದ ತೂಕ: ಇವುಗಳಲ್ಲಿ ಯಾವುದು ಕಂಡರೂ ಅತ್ತಿಗೆಯ ಅಭಿಪ್ರಾಯ ಕೇಳದೆ ಆಸ್ಪತ್ರೆಗೆ ಫೋನ್ ಮಾಡಬೇಕು.

ಹನ್ನೆರಡನೆಯ ವಾರದ ಹೊತ್ತಿಗೆ ದಿಂಬು ಸೋಫಾಕ್ಕೆ ಮರಳುತ್ತದೆ, ಬದನೆಕಾಯಿ ಸಾರಿಗೆ. ತಂತಿಗಳನ್ನು ಮಾತ್ರ ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವು ಒಳಗೇ ಇರುತ್ತವೆ.