ಇಳಿಜಾರಿನ ಯಜಮಾನರು

ಬೆಂಗಳೂರಿನ ಹನುಮಂತನಗರ, ಗಿರಿನಗರದಂಥ ಏರುತಗ್ಗಿನ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೆರಳಿರುವ ಸಮತಟ್ಟು ಜಾಗ ಖಾಲಿ ಬಿದ್ದಿದ್ದರೂ ತೊಂಬತ್ತರ ದಶಕದ ಮಾರುತಿ 800 ಅನ್ನು ಉರಿಬಿಸಿಲಿನ ಇಳಿಜಾರಿನಲ್ಲೇ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಾರೆ. ಮದುವೆಗೆ ಕರೆದರೆ ಮುಹೂರ್ತಕ್ಕಿಂತ ಮೊದಲು ಛತ್ರದ ಮುಂದಿನ ರಸ್ತೆ ಹೇಗಿದೆ ಎಂದು ವಿಚಾರಿಸುತ್ತಾರೆ. ಗಾಡಿ ತಾನೇ ಉರುಳಬೇಕು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡಬೇಕು, ಆಗ ಎಂಜಿನ್ ಎಚ್ಚರವಾಗಬೇಕು.

ಏಕೆಂದರೆ ಸೆಲ್ಫ್ ಹೊಡೆದರೆ ‘ಟಕ್’ ಎನ್ನುತ್ತದೆ, ಅಷ್ಟೇ.

ಆ ‘ಟಕ್’ ಕುರಿತು ಯಜಮಾನರ ಪಾಂಡಿತ್ಯ ಅಗಾಧ. ‘ಟಕಟಕಟಕ’ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ಲಿಗೆ ಕಿಲುಬು ಹಿಡಿದಿದೆ. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಬರುವ ತೆಳು ವೈರನ್ನು ನೋಡಬೇಕು. ಒಂದೇ ‘ಟಕ್’ ಬಂದು, ಹೆಡ್‌ಲೈಟೂ ಮಂಕಾಗದಿದ್ದರೆ, ಸ್ಟಾರ್ಟರ್ ಮೋಟರಿಗೆ ಕರೆಂಟ್ ಹರಿಸುವ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುವ ಸಂಭವವೇ ಹೆಚ್ಚು. ವಾಕಿಂಗ್ ಹೊರಟವರನ್ನು ತಡೆದು, ಮಲ್ಟಿಮೀಟರ್ ಮುಂದೆ ಹಿಡಿದು, “ನೋಡಿ ಸ್ವಾಮಿ, 12.6 ವೋಲ್ಟ್! ಬ್ಯಾಟರಿ ಕಲ್ಲುಗುಂಡು!” ಎನ್ನುವಾಗ ಮೊಮ್ಮಗನ ಅಂಕಪಟ್ಟಿ ತೋರಿಸುವ ಸಂಭ್ರಮ.

ಪ್ರಾತ್ಯಕ್ಷಿಕೆಯೂ ಉಂಟು. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಅಡ್ಡ ಇಡುತ್ತಾರೆ. ಕಿಡಿ ಹಾರುತ್ತದೆ, ಪ್ರೇಕ್ಷಕರೂ ಹಾರುತ್ತಾರೆ. (ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ, ಅವರ ಮನೆಯವರೂ ಅದನ್ನೇ ಹೇಳುತ್ತಾರೆ.) ಮೋಟರ್ ಗುಂಯ್ ಎಂದು ತಿರುಗಿದರೂ ಎಂಜಿನ್ ಅಲುಗುವುದಿಲ್ಲ. ಹಲ್ಲುಚಕ್ರವನ್ನು ಫ್ಲೈವೀಲಿಗೆ ತಳ್ಳಿ ಕೂರಿಸುವುದೂ ಸೊಲೆನಾಯ್ಡಿನದೇ ಕೆಲಸ. “ನೋಡಿದ್ರಾ, ಮೋಟರ್ ನಿರಪರಾಧಿ!”

“ಹಂಗಾದ್ರೆ ಸೊಲೆನಾಯ್ಡ್ ಬದಲಾಯಿಸಿಬಿಡಿ ಸಾರ್” ಎಂದಿರೋ, ಕೆಟ್ಟಿರಿ. “ಈ ಕಾರು ಮಾಡೋದನ್ನೇ 2014ರಲ್ಲಿ ನಿಲ್ಲಿಸಿದ್ರು. ಜೆ.ಸಿ. ರೋಡಲ್ಲಿ ಕೊಡೋದು ಒರಿಜಿನಲ್ಲೇ ಅಂತ ಏನ್ರೀ ಗ್ಯಾರಂಟಿ?”

ಕೊನೆಗೊಂದು ಭಾನುವಾರ ಅಳಿಯ ಮೆಕ್ಯಾನಿಕ್ಕನ್ನು ಕರೆತರುತ್ತಾನೆ. ಆರ್ಥ್ ವೈರ್ ಉಜ್ಜಿ, ಹೊಸ ಸೊಲೆನಾಯ್ಡ್ ಕೂರಿಸಿ ಕೀ ತಿರುಗಿಸಿದರೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್. ಬೀದಿಯೆಲ್ಲ ಚಪ್ಪಾಳೆ, ಯಜಮಾನರ ಮುಖ ಮಾತ್ರ ಬಾಡುತ್ತದೆ. ಹಳೆಯದರ ಮುಚ್ಚಳವನ್ನು ಹೇಗೋ ಬಿಚ್ಚಿ, ಕರಕಲಾದ ತಾಮ್ರದ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಮೆಕ್ಯಾನಿಕ್ಕಿನ ಮುಂದೆ ಹಿಡಿಯುತ್ತಾರೆ: “ಈ ಕಡೆ ಇನ್ನೂ ಸವೆದೇ ಇಲ್ವಲ್ಲಯ್ಯಾ?”

“ಸರಿ, ಹೊಸದು ಬಿಚ್ಚಿ ಇದನ್ನೇ ಹಾಕ್ಲಾ ಯಜಮಾನ್ರೇ?”

ಯಜಮಾನರು ಉತ್ತರ ಕೊಡುವ ಮೊದಲೇ ಅಳಿಯ ಬಾನೆಟ್ ಮುಚ್ಚುತ್ತಾನೆ.