ಬಿರುದು ಮುಂಗಡ, ಕತೆ ಬಾಕಿ

ಯಶ್ ನಮ್ಮ ಹಾಸನ ಜಿಲ್ಲೆಯವರು ಎಂಬ ಹೆಮ್ಮೆ ನಮಗೆಲ್ಲ ಇದ್ದೇ ಇದೆ. ತಕರಾರಿರುವುದು 2018ರಲ್ಲಿ ಅವರ 'ಕೆಜಿಎಫ್' ಗೆದ್ದ ಮೇಲೆ ಬಂದ ಟ್ರೇಲರ್‌ಗಳ ಬಗ್ಗೆ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದರ ದೂಳು ಮಾತ್ರ ಗಾಂಧಿನಗರದ ಎಡಿಟಿಂಗ್ ರೂಮಿನಿಂದ ಇನ್ನೂ ಹೋಗಿಲ್ಲ. ಕರಾವಳಿಯ ಕತೆಯಾಗಲಿ, ಕಬ್ಬಿನ ಗದ್ದೆಯ ಕತೆಯಾಗಲಿ, ಟ್ರೇಲರ್‌ಗೆ ಮಸಿ ಬಳಿಯದೆ ಬಿಡುವುದಿಲ್ಲ.

ಚನ್ನರಾಯಪಟ್ಟಣದ ಟೀ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಮೊಬೈಲಿನಲ್ಲಿ ಇಂಥದ್ದೊಂದನ್ನು ಜೋರಾಗಿ ಹಾಕಿಕೊಂಡಿದ್ದ. ಮೊದಲು ಕತ್ತಲು. ಆಮೇಲೆ ಗುಡುಗು. "ಅವನು ಬರ್ತಾನೆ" ಎಂದು ಮುದುಕನೊಬ್ಬನ ಗೊಗ್ಗರು ದನಿ. "ಅವನು ಬಂದ್ರೆ..." ಎಂದು ಮುದುಕಿಯ ದನಿ, ವಾಕ್ಯ ಮುಗಿಯುವಷ್ಟರಲ್ಲಿ ಡ್ರಮ್ಮು. "ಅವನು ಯಾರು ಗೊತ್ತಾ?" ಎಂದು ಪೊಲೀಸ್ ಅಧಿಕಾರಿ ಮೇಜು ಗುದ್ದಿದರು. ಗೊತ್ತಾಗುವುದು ಹೇಗೆ? ಅಷ್ಟು ಹೊತ್ತೂ ಕಂಡದ್ದು ಅವನ ಬೂಟು, ಬೆನ್ನು ಮತ್ತು ಬೀಡಿಯ ಕಿಡಿ. ನಾಯಕಿಗೆ ಎರಡು ಸೆಕೆಂಡ್ ಮಂಜೂರಾಗಿತ್ತು: ತಿರುಗಿ ನೋಡಲು ಒಂದು, ಅಳಲು ಒಂದು. ಸಾಹಸ ಬೇಕೆಂದವರಿಗೆ ಡ್ರೋನಿನಲ್ಲಿ ತೆಗೆದ ಕಾಡು. ಆಮೇಲೆ ಸುಮೋಗಳು ಮೇಲಕ್ಕೆ ಹಾರಿದವು. ಅವು ಕೆಳಗೆ ಬಿದ್ದದ್ದನ್ನು ತೋರಿಸಲಿಲ್ಲ, ಅದಕ್ಕೆ ಟಿಕೆಟ್ ತಗೊಳ್ಳಬೇಕು.

ಬೆಂಚಿನ ಮೇಲಿದ್ದ ಯಜಮಾನರು ಕೇಳಿದರು: "ಕತೆ ಏನ್ಲಾ ಮಗ?"

"ಆಕ್ಷನ್ ಕಣ್ ತಾತ."

"ಅದು ಕೇಳಿಸ್ತು. ಕತೆ ಏನು ಅಂದೆ."

ಹುಡುಗ ಮತ್ತೆ ಮೊದಲಿಂದ ಹಾಕಿದ.

ತೋರಿಸಿದ್ದು ಸಿನಿಮಾದಲ್ಲಿ ಇರುತ್ತದೆ ಎಂದೂ ನಂಬುವಂತಿಲ್ಲ. ಶಾರುಖ್ ಖಾನರ 'ಫ್ಯಾನ್' ಚಿತ್ರದ ಪ್ರಚಾರದಲ್ಲಿ ಮೆರೆದ ಹಾಡು 2016ರಲ್ಲಿ ಥಿಯೇಟರಿಗೆ ಹೋದಾಗ ನಾಪತ್ತೆ. ಆ ಬೇಸರಕ್ಕೆ ತಮ್ಮ ಮಕ್ಕಳು ರಾತ್ರಿ ಊಟ ಬಿಟ್ಟು, ಅಸಿಡಿಟಿಯಾಗಿ ಆಸ್ಪತ್ರೆ ಸೇರಿದರೆಂದು ಶಿಕ್ಷಕಿಯೊಬ್ಬರು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಹತ್ತು ಸಾವಿರ ರೂಪಾಯಿ ಪರಿಹಾರದ ಆದೇಶವೂ ಆಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಟ್ರೇಲರ್ ಎಂದರೆ ಕರಾರೂ ಅಲ್ಲ, ಭರವಸೆಯೂ ಅಲ್ಲ. ಚುನಾವಣಾ ಪ್ರಣಾಳಿಕೆಗೆ ಕೊನೆಗೂ ಒಬ್ಬ ತಮ್ಮ ಸಿಕ್ಕ.

ಈಗ ಬಿರುದಿನ ವಿಷಯ. ಸಿನಿಮಾ ಓಡುವ ಮೊದಲೇ ನಾಯಕನ ಹೆಸರಿನ ಹಿಂದೆ ಬೆಂಕಿ ಅಕ್ಷರದಲ್ಲಿ ಬಿರುದು ಉರಿಯುತ್ತದೆ. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಗಂಗರ ದಂಡನಾಯಕ ಚಾವುಂಡರಾಯನಿಗೂ ಬಿರುದುಗಳಿದ್ದವು. ಆದರೆ ಪ್ರತಿಯೊಂದಕ್ಕೂ ರಸೀದಿ ಇತ್ತು. ಗೋನೂರಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ ವೀರಮಾರ್ತಾಂಡ, ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನ ಮೇಲೆ ಬಿದ್ದದ್ದಕ್ಕೆ ರಣರಂಗಸಿಂಗ. ಕೆಲಸ ಮೊದಲು, ಬಿರುದು ಆಮೇಲೆ.

ಬೆಟ್ಟದ ಮೇಲೆ ನಿಂತ ಆ ಗೊಮ್ಮಟನ, ಅಂದರೆ ಬಾಹುಬಲಿಯ ಕತೆಯಂತೂ ಇಂದಿನ ಎಡಿಟರ್ ಕೈಗೆ ಸಿಕ್ಕಿದ್ದರೆ ಕೆಟ್ಟಿತ್ತು. ಅಣ್ಣ ಭರತನಿಗೂ ತಮ್ಮ ಬಾಹುಬಲಿಗೂ ಮೂರು ಫೈಟು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಸೈನ್ಯದಲ್ಲಿ ಒಬ್ಬನೂ ಸಾಯಲಿಲ್ಲ, ಒಂದು ಸುಮೋ ಸುಡಲಿಲ್ಲ. ಮೂರರಲ್ಲೂ ತಮ್ಮನದೇ ಗೆಲುವು. ಅಣ್ಣನನ್ನು ಎತ್ತಿ ಹಿಡಿದಲ್ಲಿಗೆ ಟ್ರೇಲರ್ ಕಟ್ ಆಗಿ ಟೈಟಲ್ ಬೀಳುತ್ತಿತ್ತು. ಕತೆ ಶುರುವಾಗುವುದೇ ಅಲ್ಲಿಂದ: ಎತ್ತಿದವನು ಅಪ್ಪಳಿಸದೆ ಕೆಳಗಿಳಿಸಿದ, ಗೆದ್ದ ರಾಜ್ಯ ಬಿಟ್ಟ, ತಪಸ್ಸಿಗೆ ನಿಂತ. ಸೆಕೆಂಡ್ ಹಾಫ್ ಲ್ಯಾಗು ಎಂದು ನಿರ್ಮಾಪಕರು ಅದಕ್ಕೆ ಕತ್ತರಿ ಹಾಕಿರುತ್ತಿದ್ದರು.

ಟ್ರೇಲರ್ ಕತ್ತರಿಸುವ ಅಣ್ಣಂದಿರೇ, ನಾಯಕ ಎಷ್ಟು ಜನರಿಗೆ ಹೊಡೆಯುತ್ತಾನೆ ಎಂಬುದು ನಮಗೆ ಚೆನ್ನಾಗಿ ಗೊತ್ತಾಗಿದೆ. ಯಾಕೆ ಹೊಡೆಯುತ್ತಾನೆ ಎಂದು ಒಂದೇ ಒಂದು ಸಾಲು ಹೇಳಿ. ಹೇಳುವಾಗ ದಯವಿಟ್ಟು ಡ್ರಮ್ಮು ನಿಲ್ಲಿಸಿ.