ನದೀಮೂಲ, ಋಷಿಮೂಲ, ಅಲ್ಮಾರಿಮೂಲ

ಮಲಾಕ್ಕಾದ ಹಳೇ ಮನೆಯೊಂದರ ಪಡಸಾಲೆ. ಗೋಡೆಗೊರಗಿ ನಿಂತ ತೇಗದ ಅಲ್ಮಾರಿ. ಮಲಯ ಭಾಷೆಯಲ್ಲೂ ಅದರ ಹೆಸರು ಅಲ್ಮಾರಿಯೇ. ಬಾಗಿಲು ಕಿರ್ರೆಂದಿತು, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದನ್ನೇ ಒಪ್ಪಿಗೆ ಅಂದುಕೊಂಡು ಮಾತಿಗೆ ಕೂತೆ.

ಹೆಸರಲ್ಲೇ ‘ಅಲ್’ ಇದೆ. ತಾವು ಅರಬ್ಬೀ ಕಡೆಯವರಾ?

— ಎಲ್ಲರೂ ಹಾಗೇ ಅಂದ್ಕೋತಾರೆ, ನಾನೂ ತಿದ್ದೋಕೆ ಹೋಗಲ್ಲ. ದೊಡ್ಡವರ ನಂಟು ಯಾರಿಗೆ ಬೇಡ? ನಿಜಕ್ಕೂ ನಮ್ಮದು ಲ್ಯಾಟಿನ್ ವಂಶ, ‘ಆರ್ಮಾರಿಯುಂ’. ‘ಆರ್ಮಾ’ ಅಂದ್ರೆ ಆಯುಧ, ಸಲಕರಣೆ. ಮುತ್ತಜ್ಜ ಕತ್ತಿ ಕಾಯ್ತಿದ್ದ, ನಾನು ಇಸ್ತ್ರಿ ಬಟ್ಟೆ ಕಾಯ್ತೀನಿ.

ಇಲ್ಲಿಗೆ ಬಂದದ್ದು ಹೇಗೆ?

— ಪೋರ್ಚುಗೀಸರ ಬಾಯಲ್ಲಿ. ಆಲ್ಬುಕರ್ಕ್ 1510ರಲ್ಲಿ ಗೋವಾ ಹಿಡಿದ, 1511ರಲ್ಲಿ ಈ ಮಲಾಕ್ಕಾ. ನೇರ ಹಡಗಿಂದ ಇಳಿದೆ ಅಂತ ಕೆಲವು ಪಂಡಿತರು, ನಡುವೆ ಹಿಂದೂಸ್ತಾನಿ ಮನೇಲಿ ತಂಗಿ ಬಂದೆ ಅಂತ ಇನ್ನು ಕೆಲವರು. ಇಬ್ಬರೂ ನನ್ನನ್ನ ಕೇಳಲಿಲ್ಲ.

ನಮ್ಮಲ್ಲಿ ಅಲಮಾರು ಅಂತಾರೆ.

— ಗೊತ್ತು, ದಾಯಾದಿ. ಇಂಡೋನೇಷ್ಯಾದಲ್ಲಿ ಇನ್ನೊಬ್ಬರಿದ್ದಾರೆ, ‘ಲೆಮಾರಿ’. ತಲೆ ಮೇಲಿನ ‘ಅ’ ಎಲ್ಲೋ ಬೀಳಿಸಿಕೊಂಡಿದ್ದಾರೆ.

ಒಳಗೇನಿದೆ, ನೋಡಬಹುದಾ?

— ಧಾರಾಳವಾಗಿ. ಈ ‘ಕೆಮೆಜಾ’ ಪೋರ್ಚುಗೀಸ್ ಅಂಗಿ. ಈ ‘ಬಾಜು’ ಪರ್ಷಿಯನ್. ಅವರಿಗೆ ಅದು ತೋಳು, ಇಲ್ಲಿ ಪೂರ್ತಿ ಉಡುಪು. ನಿಮ್ಮ ಹುಬ್ಬಳ್ಳಿಯವರಂತೂ ಅದನ್ನ ಪಕ್ಕಕ್ಕೇ ಸರಿಸಿಬಿಟ್ಟರು! ಬೀಗದ ಕೈ ‘ಕುಂಚಿ’, ಸಂಸ್ಕೃತದ ಕುಂಚಿಕಾ. ಮೇಲಿನ ಅರೆಯಲ್ಲಿರೋ ದಪ್ಪ ನಿಘಂಟು ‘ಕಾಮುಸ್’, ಅರಬ್ಬೀ ಪದ. ಅದರ ಹಿಂದೆ ಗ್ರೀಕರ ‘ಓಕಿಯಾನೋಸ್’, ಮಹಾಸಾಗರ. ಅರೆ ಬಗ್ಗಿರೋದು ಸುಮ್ಮನೆ ಅಲ್ಲ.

ಹಾಗಾದರೆ ಅಚ್ಚ ಮಲಯವೇ ಬೇಕು ಅನ್ನೋರಿಗೆ ಏನು ಹೇಳ್ತೀರಿ?

— ನಾನ್ಯಾಕೆ ಹೇಳಲಿ? ಮಲಯ ಭಾಷೆ ಬೆಳೆಸೋಕೆ ಅಂತಲೇ 1956ರಲ್ಲಿ ಸರ್ಕಾರಿ ಸಂಸ್ಥೆ ಶುರುವಾಯ್ತಲ್ಲ, ಅದರ ಬೋರ್ಡು ಓದಿ. ‘ದೆವಾನ್ ಬಹಾಸಾ ದಾನ್ ಪುಸ್ತಕಾ’. ದೆವಾನ್ ಪರ್ಷಿಯನ್ನರ ದಿವಾನ. ಬಹಾಸಾ, ಪುಸ್ತಕಾ ಎಲ್ಲಿಯವು ಅಂತ ನಿಮಗೂ ಬಿಡಿಸಿ ಹೇಳಬೇಕಾ?

ಉಳಿದದ್ದು ‘ದಾನ್’.

— ಅದು ಮನೆಮಗ, ಅಪ್ಪಟ ಮಲಯ.

ಅರ್ಥ?

— ‘ಮತ್ತು’.